ಹುಲಿಕಟ್ಟೆಯ ಕರೆಂಟಿನ ನೀರಗಂಟಿ

ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಮಾತು ಹುಲಿಕಟ್ಟೆಯಲ್ಲೇ ಹುಟ್ಟಿತೋ ಏನೋ. ಪಂಪ್‌ಸೆಟ್ಟಿಗೆ ಸರ್ಕಾರ ಕರೆಂಟು ಬಿಟ್ಟಿ ಕೊಟ್ಟ ಮೇಲೆ ಆ ಊರಿನ ರೈತರು ಮೋಟರು ಆರಿಸುವುದನ್ನೇ ಮರೆತರು. ಇದು ಲೋಕಾರೂಢಿ, ಅವರನ್ನೇ ಯಾಕೆ ಆಡಿಕೊಳ್ಳಬೇಕು ಅಂದರೆ ಅದೂ ಸರಿಯೇ. ಆದರೆ ಅದೇ ಊರಿನಲ್ಲಿ ಈ ಚಾಳಿಗೆ ಮೂಗುದಾರ ಹಾಕಿದ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳ ವಿಚಾರ ಹೇಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ಅವಳ ಹೆಸರು ಲಕ್ಷ್ಮೀದೇವಿ.

ಸಿರಾದಿಂದ ತಾವರೆಕೆರೆ ದಾಟಿ ಒಳಕ್ಕೆ ಹೋದರೆ ಹುಲಿಕಟ್ಟೆ. ಲಕ್ಷ್ಮೀದೇವಿ ಕೊರಟಗೆರೆ ಕಡೆಯ ಹೆಣ್ಣು, ಮದುವೆಯಾಗಿ ಇಲ್ಲಿಯ ನೀರಗಂಟಿ ಮನೆಗೆ ಬಂದವಳು. ನೀರಗಂಟಿ ಎಂದರೆ ಕೆರೆಯ ತೂಬು ಎತ್ತಿ, ಬಯಲಿನ ಗದ್ದೆಗಳಿಗೆಲ್ಲ ಸರದಿಯ ಮೇಲೆ ನೀರು ಹಾಯಿಸುವವನು. ಅವಳ ಮಾವ ಚಿಕ್ಕಹನುಮಯ್ಯ ಆ ಊರಿನ ಕೊನೆಯ ನೀರಗಂಟಿ. ಆ ಮನೆತನಕ್ಕೆ ಊರು ಬಿಟ್ಟುಕೊಟ್ಟ ಜಮೀನು ಕಾಲುವೆಯ ತುತ್ತತುದಿಯಲ್ಲಿತ್ತು. ಹಿರೀಕರು ಬುದ್ಧಿವಂತರು, ಬೇಕೆಂದೇ ಅಲ್ಲಿ ಕೊಟ್ಟಿದ್ದರು. ನೀರಗಂಟಿಯ ಗದ್ದೆ ನೆನೆಯಿತು ಎಂದರೆ ಊರಿನ ಗದ್ದೆಗಳೆಲ್ಲ ನೆನೆದವು ಎಂದೇ ಲೆಕ್ಕ, ಅವನ ಮೇಲೆ ಇನ್ನೊಬ್ಬ ಕಾವಲುಗಾರ ಬೇಕಿರಲಿಲ್ಲ. ಕೆರೆ ಬತ್ತಿ ಬೋರ್‌ವೆಲ್ ಬಂದ ಮೇಲೆ ಆ ಕೆಲಸ ಹೋಯಿತು, ಮನೆಗೆ ಹೆಸರು ಮಾತ್ರ ಉಳಿಯಿತು. ಚಿಕ್ಕಹನುಮಯ್ಯ ಜಗಲಿಯ ಮೇಲೆ ಕೂತು ತೂಬು ಎತ್ತುತ್ತಿದ್ದ ಕಾಲದ ಕಥೆಯನ್ನು ಕೇಳುವವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಈಚೆಗೆ ನೀರಿಗೆ ಅಷ್ಟೇನೂ ತೊಂದರೆ ಇರಲಿಲ್ಲ. ಮದಲೂರು ಕೆರೆ ತುಂಬಿದ ಮೇಲೆ ಸುತ್ತಮುತ್ತಲ ಬೋರುಗಳಲ್ಲಿ ನೀರು ಮೇಲಕ್ಕೆ ಬಂದಿತ್ತು. ತೊಂದರೆ ಇದ್ದದ್ದು ಅದನ್ನು ಎತ್ತುವ ಕರೆಂಟಿನದು. ಮೋಟರಿಗೆ ಬೇಕಾದ ತ್ರೀ ಫೇಸ್ ಒಂದು ವಾರ ಹಗಲು ಬಂದರೆ ಮುಂದಿನ ವಾರ ರಾತ್ರಿ. ರಾತ್ರಿ ಪಾಳಿ ಬಂತೆಂದರೆ ಬ್ಯಾಟರಿ ಹಿಡಿದುಕೊಂಡು ಹೊಲಕ್ಕೆ ಹೋಗಬೇಕು. ಮಧುಗಿರಿ ಕಡೆಯ ಬೆಟ್ಟಗಳಿಂದ ಕರಡಿ ಇಳಿಯುವುದೂ ಅದೇ ಹೊತ್ತಿಗೆ. ನಾಲ್ಕು ವರ್ಷದ ಹಿಂದೆ ಲಕ್ಷ್ಮೀದೇವಿಯ ಗಂಡ ರಂಗೇಶ್ ಮೋಟರು ಹಾಕಲು ಹೋಗಿ ಕರಡಿಯ ಕೈಗೆ ಸಿಕ್ಕಿದ. ಜೀವ ಉಳಿಯಿತು, ಎಡಗಣ್ಣು ಹೋಯಿತು.

ಕಣ್ಣು ಹೋದರೂ ಹಟ ಹೋಗಲಿಲ್ಲ. ಹೆಂಡತಿಯನ್ನು ಕತ್ತಲಿಗೆ ಕಳಿಸಿ ತಾನು ಮನೆಯಲ್ಲಿ ಮಲಗುವುದು ಗಂಡಸಿಗೆ ಅವಮಾನ ಎಂದು ಪಾಳಿ ಬಂದಾಗಲೆಲ್ಲ ಅವನೇ ಎದ್ದು ಹೋಗುತ್ತಿದ್ದ. ಬೇಡವೆಂದರೆ ರೇಗುತ್ತಿದ್ದ. ಅವನು ತಿರುಗಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ತನಕ ಲಕ್ಷ್ಮೀದೇವಿಯ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಡವೆ ಬೇಡ, ವಸ್ತ್ರ ಬೇಡ, ಈ ಮನುಷ್ಯ ಕತ್ತಲಲ್ಲಿ ಹೊಲಕ್ಕೆ ಹೋಗುವುದೊಂದು ತಪ್ಪಿದರೆ ಸಾಕು ಎಂದು ಕಂಡ ದೇವರಿಗೆಲ್ಲ ಕೈ ಮುಗಿದಿದ್ದಳು.

ಉಳಿದವರು ಕರಡಿಗೆ ಹೆದರಿ ಬೇರೆ ದಾರಿ ಹುಡುಕಿಕೊಂಡರು. ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿಸಿದರು. ಕರೆಂಟು ಬಂದ ತಕ್ಷಣ ಅದು ತಾನಾಗಿಯೇ ಮೋಟರನ್ನು ಓಡಿಸುತ್ತದೆ, ಯಾರೂ ಹೋಗಬೇಕಾಗಿಲ್ಲ. ಒಬ್ಬ ಹಾಕಿಸಿದ್ದನ್ನು ನೋಡಿ ಇನ್ನೊಬ್ಬ ಹಾಕಿಸಿದ. ಆಮೇಲೆ ಕರೆಂಟು ಬಂದದ್ದೇ ತಡ, ಊರಿನ ಇಪ್ಪತ್ತು ಚಿಲ್ಲರೆ ಮೋಟರುಗಳು ಒಂದೇ ಉಸಿರಿಗೆ ಎದ್ದು, ಎಂಟು ಮೋಟರು ಹೊರುವ ಟ್ರಾನ್ಸ್‌ಫಾರ್ಮರಿನ ಮೇಲೆ ಬೀಳುತ್ತಿದ್ದವು. ಊರವರ ಬಾಯಲ್ಲಿ ಅದು ಟಿಸಿ. ಟಿಸಿ ಸುಡುತ್ತಿತ್ತು. ಅದನ್ನು ಇಳಿಸಿ ಟ್ರ್ಯಾಕ್ಟರಿಗೆ ಹೇರಿ ರಿಪೇರಿಗೆ ಕಳಿಸಿ, ಬೇರೆಯದು ಬರುವ ತನಕ ಕೆಇಬಿಯವರನ್ನು ಬೈಯುತ್ತ ಕೂರುತ್ತಿದ್ದರು. ಕೆಇಬಿ ಒಡೆದು ಕಂಪನಿಗಳಾಗಿ ಇಪ್ಪತ್ತು ವರ್ಷ ದಾಟಿತು. ಬೈಗುಳ ಮಾತ್ರ ಹಳೆಯ ವಿಳಾಸಕ್ಕೇ ಹೋಗುತ್ತಿತ್ತು. ರಂಗೇಶನ ಬೋರು ಲೈನಿನ ಕೊನೆಯ ಕಂಬದ ಬಳಿ ಇದ್ದದ್ದರಿಂದ ವೋಲ್ಟೇಜು ಸಾಲದೆ ಅವನ ಆಟೋ ಸ್ಟಾರ್ಟರ್ ಕಚ್ಚಿ ನಿಲ್ಲುತ್ತಿರಲಿಲ್ಲ, ಹಾಗಾಗಿ ಅವನು ನಡೆದೇ ಹೋಗಬೇಕಿತ್ತು.

ಹೀಗಿರುವಾಗ ಕರೆಂಟು ಕಂಪನಿಯ ಸೆಕ್ಷನ್ ಆಫೀಸಿಗೆ ಭವ್ಯ ಎನ್ನುವ ಇಂಜಿನಿಯರ್ ಬಂದರು. ಪಾವಗಡದವರು, ಸಿಟ್ಟು ಬಂದರೆ ಮಾತು ತೆಲುಗಿಗೆ ಜಾರುತ್ತಿತ್ತು. ಬೇಸಿಗೆ ಶುರುವಾಗುವ ಮುಂಚೆ ಅವರು ಹುಲಿಕಟ್ಟೆಯ ಅರಳಿಕಟ್ಟೆಯಲ್ಲಿ ಜನರನ್ನು ಸೇರಿಸಿ ಒಂದು ಸುದ್ದಿ ಹೇಳಿದರು. ಸಬ್‌ಸ್ಟೇಷನ್ ಪಕ್ಕದಲ್ಲಿ ಖಾಸಗಿಯವರು ಸೋಲಾರ್ ಹಾಕಿದ್ದಾರೆ. ಟೆಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ದರ ಕೂಗಿ ಗೆದ್ದವರು. ಅಲ್ಲಿ ಹುಟ್ಟುವ ಕರೆಂಟು ರೈತರ ಲೈನಿಗೇ ಹೋಗಬೇಕು, ಅದೂ ಹಗಲು ಹೊತ್ತಿನಲ್ಲಿ. ಆದರೆ ಸದ್ಯಕ್ಕೆ ಅದು ಸಾಲುವುದು ಒಂದೇ ಲೈನಿಗೆ. ಹುಲಿಕಟ್ಟೆಯವರೂ ಕೇಳುತ್ತಿದ್ದಾರೆ, ಪಕ್ಕದ ಲೈನಿನವರೂ ಕೇಳುತ್ತಿದ್ದಾರೆ. ಈ ಬೇಸಿಗೆ ಹುಲಿಕಟ್ಟೆಗೆ ಕೊಟ್ಟು ನೋಡುತ್ತೇವೆ. ಟಿಸಿಗೆ ಮೀಟರ್ ಹಾಕಿಸಿಕೊಳ್ಳಬೇಕು, ಮಳೆಗಾಲದ ತನಕ ಅದು ಸುಡಬಾರದು. ಉಳಿಸಿಕೊಂಡರೆ ಹಗಲು ಪಾಳಿ ಕಾಯಂ, ಸುಟ್ಟುಕೊಂಡರೆ ಪಕ್ಕದ ಲೈನಿಗೆ.

ಹಗಲು ಪಾಳಿ ಎಂದಾಗ ಅರಳಿದ ಮುಖಗಳು ಮೀಟರ್ ಎಂದಾಗ ಬಾಡಿದವು. ಊರಿನಲ್ಲಿ ಹೆಚ್ಚು ಬೋರು ಇದ್ದವರು ರುದ್ರಯ್ಯ. ಇವತ್ತು ಮೀಟರು ಕಂಬಕ್ಕೆ, ನಾಳೆ ಬೋರಿಗೆ, ನಾಳಿದ್ದು ಬಿಲ್ಲು ಮನೆ ಬಾಗಿಲಿಗೆ ಎಂದು ಅವರು ಎದ್ದು ನಿಂತರು. ಭವ್ಯ ಮೇಡಂ ಅಡ್ಡಗೋಡೆಯ ಮೇಲೆ ದೀಪ ಇಡುವ ಪೈಕಿ ಅಲ್ಲ. ಮುಂದೆ ಸರ್ಕಾರ ಏನು ಮಾಡುತ್ತದೋ ತಾನು ಬರೆದುಕೊಡಲಾರೆ, ಇವತ್ತಿಗಂತೂ ಬೋರಿಗೆ ಬಿಲ್ಲಿಲ್ಲ ಎಂದು ಇದ್ದದ್ದನ್ನು ಇದ್ದಂತೆಯೇ ಹೇಳಿದರು. ಬೆಂಗಳೂರಿನಲ್ಲಿ ಕರೆಂಟಿನ ದರ ನಿಗದಿ ಮಾಡುವ ಆಯೋಗವೊಂದಿದೆ, ಕಂಪನಿಗಳು ತಮ್ಮಿಷ್ಟಕ್ಕೆ ದರ ಏರಿಸದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ರೈತರಿಗೆ ಎಷ್ಟು ಕರೆಂಟು ಹೋಯಿತು, ದಾರಿಯಲ್ಲಿ ಎಷ್ಟು ಸೋರಿತು ಎಂದು ಅದು ಪ್ರತಿ ವರ್ಷ ಕೇಳುತ್ತದೆ, ಅಳತೆಯೇ ಇಲ್ಲದಿದ್ದರೆ ಯಾರು ಏನು ಹೇಳುವುದು ಎಂದರು. ಗಂಡಸರಲ್ಲಿ ಒಬ್ಬನೂ ಮೀಟರಿಗೆ ಒಪ್ಪಲಿಲ್ಲ.

ಆಗ ಹೆಂಗಸರ ಸಾಲಿನಿಂದ ಲಕ್ಷ್ಮೀದೇವಿ ಬಾಯಿ ತೆರೆದಳು. ಸಭೆಯಲ್ಲಿ ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಆದರೂ ಹಗಲು ಪಾಳಿ ಕೈತಪ್ಪಿ ಹೋಗುವುದನ್ನು ನೋಡುತ್ತ ಸುಮ್ಮನಿರಲು ಅವಳಿಂದಾಗಲಿಲ್ಲ.

"ರುದ್ರಣ್ಣ, ನಮ್ ಕೆರೆ ತೂಬಿಗೆ ಗೆರೆ ಕೊರ್ದಿರೋ ಕಲ್ಲು ಐತಲ್ಲ, ಅದ್ನ ಯಾಕ್ ನಿಲ್ಸವ್ರೆ? ಅಳತೆ ಇಲ್ದಿದ್ರೆ ಎಲ್ಲೆಲ್ಲಿ ಸೋರ್ತೋ, ಯಾರ್ಯಾರು ಕದ್ರೋ, ಅದ್ನೆಲ್ಲ ನಮ್ ತಲೆ ಮ್ಯಾಲೇ ಹಾಕ್ತಾರೆ. ನಾವೆಷ್ಟು ಉಂಡೋ ಅಷ್ಟು ಮಾತ್ರ ನಮ್ ಹೆಸ್ರಿಗೆ ಬರ್ಲಿ ಬುಡಣ್ಣ."

ರುದ್ರಯ್ಯ ಒಪ್ಪಿದರೆಂದಲ್ಲ. ಹೆಂಗಸಿಗೆ ಎದುರು ಮಾತಾಡಿ ಸೋತರೆ ಏನು ಗತಿ ಎಂದು ಕೂತರು. ಆಯಿತಮ್ಮ, ಮೀಟರು ಇರಲಿ, ಎಂಟು ಮೋಟರಿನ ಮೇಲೆ ಒಂಬತ್ತನೆಯದು ಓಡದ ಹಾಗೆ ಕಾಯುವವರು ಯಾರು ಎಂದು ಕೇಳಿದರು. ನೀನೇ ಕಾಯಬೇಕಷ್ಟೇ, ನೀರಗಂಟಿ ಮನೆ ಸೊಸೆಯಲ್ಲವೇ ಎಂದು ಯಾರೋ ಹಿಂದಿನಿಂದ ಗೇಲಿ ಮಾಡಿದರು. ಜನ ನಕ್ಕರು. ಲಕ್ಷ್ಮೀದೇವಿ ನಗಲಿಲ್ಲ, ಆಗಲಿ ಎಂದಳು.

ಆಗಲಿ ಎಂದು ಬಂದವಳಿಗೆ ಹೇಗೆ ಎಂಬುದು ಗೊತ್ತಿರಲಿಲ್ಲ. ನೀರಾದರೆ ಕಣ್ಣಿಗೆ ಕಾಣುತ್ತದೆ, ಕರೆಂಟನ್ನು ಸರದಿ ನಿಲ್ಲಿಸುವುದು ಹೇಗೆಂದು ಮಾವನನ್ನೇ ಕೇಳಿದಳು. ತನ್ನನ್ನು ಒಬ್ಬರು ಸಲಹೆ ಕೇಳಿ ಎಷ್ಟೋ ವರ್ಷವಾಗಿದ್ದ ಮುದುಕ ನೆಟ್ಟಗೆ ಕೂತ. "ಹರಿಯೋದು ಯಾವ್ದಾದ್ರೇನವ್ವಾ, ಅದ್ಕೊಂದು ತೂಬು ಅಂತ ಇದ್ದೇ ಇರ್ತದೆ. ತೂಬು ಎಲ್ಲೈತೆ ನೋಡ್ಕೊ, ಅದ್ರ ಗೂಟ ನಿನ್ ಕೈಲಿ ಇಟ್ಕೊ" ಎಂದ.

ತೂಬು ಸಿಕ್ಕಿತು. ಪ್ರತಿ ಬೋರಿನ ಸ್ಟಾರ್ಟರ್ ಡಬ್ಬಿಯ ಪಕ್ಕದಲ್ಲಿ ಮೂರು ಫ್ಯೂಸುಗಳಿರುತ್ತವೆ, ಕೈಯಲ್ಲಿ ಕೀಳಬಹುದಾದ ಬಿಳಿ ಪಿಂಗಾಣಿ ತುಂಡುಗಳು. ಅವುಗಳನ್ನು ಕಿತ್ತುಕೊಂಡರೆ ಆಟೋ ಸ್ಟಾರ್ಟರ್ ಅಲ್ಲ, ಅದರಪ್ಪ ಬಂದರೂ ಮೋಟರು ಓಡುವುದಿಲ್ಲ. ಊರಿನವರೇ ತಮ್ಮ ತಮ್ಮ ಬೋರಿನ ಫ್ಯೂಸುಗಳನ್ನು ಕಿತ್ತು ತಂದು ಲಕ್ಷ್ಮೀದೇವಿಯ ಬಿದಿರಿನ ಮಂಕರಿಗೆ ಹಾಕಬೇಕು. ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಸರದಿ ಬಂದ ಎಂಟು ಮನೆಯವರು ಬಂದು ತಮ್ಮ ತುಂಡುಗಳನ್ನು ಒಯ್ಯಬೇಕು. ಹೊತ್ತು ಮುಗಿದ ಮೇಲೆ ತಂದು ಒಪ್ಪಿಸಿದರೆ ಮುಂದಿನ ಎಂಟು ಮನೆಗೆ. ದಿನದ ಕೊನೆಗೆ ಉಳಿದ ಮನೆಗಳು, ಅವುಗಳಲ್ಲೂ ಕೊನೆಗೆ ನೀರಗಂಟಿ ಮನೆ. ಈ ಕೊನೆಯ ಮಾತನ್ನು ಹೇಳಿದಾಗಲೇ ಊರು ಒಪ್ಪಿದ್ದು.

ಮೀಟರು ಕೂತಿತು, ಸೋಲಾರ್ ಕರೆಂಟು ಬಂತು. ಮೊದಲ ವಾರ ತಮಾಷೆ ನೋಡಲೆಂದೇ ಜನ ಕಟ್ಟೆಗೆ ಬರುತ್ತಿದ್ದರು. ಎರಡನೆಯ ವಾರದ ಹೊತ್ತಿಗೆ ಸರದಿ ಮರೆತವನಿಗೆ ಊರೇ ಜ್ಞಾಪಿಸತೊಡಗಿತು. ಎಂಟೇ ಮೋಟರು ಓಡುವಾಗ ವೋಲ್ಟೇಜು ಏರಿ, ಇಡೀ ಪಾಳಿಯಲ್ಲಿ ಎತ್ತುತ್ತಿದ್ದ ನೀರು ಒಂದೇ ಸರದಿಯಲ್ಲಿ ಬಂದು ಬೀಳುತ್ತಿತ್ತು. ಮಂಕರಿಯನ್ನು ಸೊಂಟಕ್ಕಿಟ್ಟುಕೊಂಡು ಲಕ್ಷ್ಮೀದೇವಿ ಬೀದಿಯಲ್ಲಿ ಬಂದರೆ ಕಟ್ಟೆಯ ಮೇಲಿದ್ದ ಗಂಡಸರು ಸರಿದು ಜಾಗ ಬಿಡುತ್ತಿದ್ದರು. ಅವಳಿಗೆ ಅದು ಹಿಡಿಸಿತು. ಯಾಕೆ ಹಿಡಿಸಬಾರದು? ಹಿಡಿಸಲಿಲ್ಲ ಎಂದರೆ ಸುಳ್ಳಾದೀತು. ಎಲ್ಲಕ್ಕಿಂತ ಹೆಚ್ಚಾಗಿ, ರಂಗೇಶ್ ಕತ್ತಲಾದ ಮೇಲೆ ಹೊಸ್ತಿಲು ದಾಟುವುದು ನಿಂತಿತ್ತು.

ಬಿಸಿಲು ಬಲಿಯಿತು. ನೀರಗಂಟಿ ಮನೆಯ ಹೊಲದಲ್ಲಿ ಕಾಕಡ ಹೂವಿನ ಗಿಡಗಳಿದ್ದವು, ರಂಗೇಶ್ ಕೈಯಾರೆ ನೆಟ್ಟು ಸಾಕಿದ್ದು. ಮೊಗ್ಗು ಕಚ್ಚುವ ಹೊತ್ತಿಗೆ ಮೋಡ ಮುಚ್ಚಿದ ದಿನಗಳು ಬಂದು ಸೋಲಾರ್ ಕರೆಂಟು ಸಂಜೆಗೆ ಮೊದಲೇ ಸೊರಗತೊಡಗಿತು. ಕೊನೆಯ ಸರದಿಯವರಿಗೆ ಸಿಗುತ್ತಿದ್ದದ್ದು ಅರೆಬರೆ ನೀರು. ಎಲ್ಲರ ಹೊಲ ಹಸಿರಾಗಿ, ತನ್ನ ಗಿಡದ ತುದಿ ಬಾಗುವುದನ್ನು ರಂಗೇಶ್ ಒಂದೇ ಕಣ್ಣಿನಿಂದ ನೋಡಿದ. ಒಂದು ದಿನ ಮಾತ್ರ ಮೊದಲ ಸರದಿ ಕೊಡು ಎಂದು ಹೆಂಡತಿಯನ್ನು ಕೇಳಿದ. ಅವಳು ಕೊಡಲಿಲ್ಲ. ಕೊಟ್ಟರೆ ಮರುದಿನ ಎಲ್ಲರೂ ಕೇಳುತ್ತಾರೆ, ಮಂಕರಿ ಉಳಿಯುವುದಿಲ್ಲ, ಟಿಸಿಯೂ ಉಳಿಯುವುದಿಲ್ಲ ಎಂದಳು. ಅವನು ಉಣ್ಣದೆ ಎದ್ದು ಹೋದ.

ಅದಾದ ಕೆಲವೇ ದಿನಕ್ಕೆ, ಬೆಳಗಿನ ಎಂಟು ಮೋಟರು ಓಡುತ್ತಿದ್ದಾಗ ಟಿಸಿ ಕಂಬದ ಮೇಲೆ ಪಟಾರೆಂದು ಸದ್ದಾಯಿತು. ಮೇಲಿನ ಫ್ಯೂಸು ಹಾರಿ, ಊರಿನ ಮೋಟರುಗಳೆಲ್ಲ ಒಟ್ಟಿಗೆ ನಿಂತವು. ಟಿಸಿ ಕೆಂಡದ ಹಾಗೆ ಕಾದಿತ್ತು. ಎಂಟು ಮೋಟರಿಗೆ ಹೀಗಾಗುವುದಿಲ್ಲ. ಯಾರೋ ಕಳ್ಳತನದಲ್ಲಿ ಓಡಿಸಿದ್ದಾರೆ ಎಂದು ಲಕ್ಷ್ಮೀದೇವಿಗೆ ಗೊತ್ತಾಯಿತು. ಲೈನ್‌ಮ್ಯಾನಿಗೆ ಫೋನು ಮಾಡಿ, ಬೋರುಗಳನ್ನು ನೋಡಿಕೊಂಡು ಬರಲು ಹೊರಟಳು. ಲೈನಿನ ಕೊನೆಯಿಂದ ಶುರು ಮಾಡಿದ್ದರಿಂದ ಮೊದಲು ಸಿಕ್ಕಿದ್ದು ಅವಳ ಸ್ವಂತ ಹೊಲ. ಕಾಕಡದ ಸಾಲಿನಲ್ಲಿ ನೀರು ಇನ್ನೂ ಇಂಗಿರಲಿಲ್ಲ. ಸ್ಟಾರ್ಟರ್ ಡಬ್ಬಿಯ ಪಕ್ಕ ಹೊಳೆಯುವ ಹೊಸ ಫ್ಯೂಸುಗಳಿದ್ದವು. ರಂಗೇಶ್ ಸಿರಾದ ಅಂಗಡಿಯಲ್ಲಿ ಬೇರೆ ಮೂರು ಕೊಂಡು ತಂದಿದ್ದ. ಸನಿಕೆ ಹಿಡಿದು ನಿಂತಿದ್ದವನು ಅವಳನ್ನು ನೋಡಿ ಮುಖ ತಿರುಗಿಸಿದ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಲಕ್ಷ್ಮೀದೇವಿ ಆ ಬದುವಿನ ಮೇಲೆ ಕುಕ್ಕರಿಸಿ ಕೂತು ಅತ್ತಳು. ಅವಳು ಬಯಸಿದ್ದರೆ ಆ ಮೂರು ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಸುಮ್ಮನಾಗಬಹುದಿತ್ತು, ನೋಡಿದವರು ಯಾರೂ ಇರಲಿಲ್ಲ. ಒಂದು ಮೋಟರು ಹೆಚ್ಚಾದ ಮಾತ್ರಕ್ಕೆ ಟಿಸಿ ಫ್ಯೂಸು ಹಾರುವುದಿಲ್ಲ, ಇನ್ನೂ ಮೂರು ನಾಲ್ಕು ಕಳ್ಳ ಮೋಟರು ಇರಲೇಬೇಕು ಎಂಬುದೂ ಅವಳಿಗೆ ತಿಳಿದಿತ್ತು. ಅವರ ಮೇಲೆ ಬೊಟ್ಟು ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ಮೂಗು ಒರೆಸಿಕೊಂಡು ಎದ್ದು, ಫ್ಯೂಸು ಕಿತ್ತುಕೊಂಡು ಕಟ್ಟೆಯ ಕಡೆ ನಡೆದಳು.

ಕಟ್ಟೆಯಲ್ಲಿ ಊರು ಸೇರಿತ್ತು. ಯಾರವನು, ಯಾರವನು ಎಂದು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಅವಳು ಹೊಸ ಫ್ಯೂಸುಗಳನ್ನು ಎಲ್ಲರಿಗೂ ಕಾಣುವ ಹಾಗೆ ಮಂಕರಿಗೆ ಹಾಕಿದಳು.

"ನಮ್ಮನೇದು. ಮಳೆ ಬರೋಗಂಟ ನಮ್ ಬೋರು ಸರದೀಲಿ ಇಲ್ಲ. ಬ್ಯಾರೆಯವ್ರ ಬೋರನ್ನ ನಾನ್ ನೋಡೋಕೋಗಲ್ಲ" ಎಂದಳು.

ಕೂಗಾಟ ನಿಂತಿತು. ಜಗಲಿಯಿಂದ ಕೋಲೂರಿ ಬಂದಿದ್ದ ಚಿಕ್ಕಹನುಮಯ್ಯ ತಲೆ ಅಲ್ಲಾಡಿಸಿ, ತೋಟ ಹೋದರೆ ಹೋಗಲಿ, ಮನೆ ಮರ್ಯಾದೆ ಉಳಿಯಿತು ಎಂದ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಎದ್ದು ಮನೆಗೆ ಹೋಗಿ ಮೂರು ಫ್ಯೂಸು ತಂದು ಮಂಕರಿಗೆ ಹಾಕಿದ. ಅವನ ಹಿಂದೆ ಇನ್ನೊಬ್ಬ. ಕೊನೆಗೆ ರುದ್ರಯ್ಯನೂ ಅಂಗಿಯ ಜೇಬಿಗೆ ಕೈ ಹಾಕಿದರು. ಜೇಬಿನಲ್ಲೇ ಇಟ್ಟುಕೊಂಡು ಕಳ್ಳ ಯಾರೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದ ಪುಣ್ಯಾತ್ಮ ಅವರೇ. ಆ ದಿನ ಮಂಕರಿಯಲ್ಲಿ ಊರಿನ ಬೋರುಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಫ್ಯೂಸು ಸೇರಿತು. ಲೈನ್‌ಮ್ಯಾನ್ ಬಂದು ನೋಡಿ, ಟಿಸಿ ಸುಟ್ಟಿಲ್ಲ, ಇನ್ನೊಂದು ಗಳಿಗೆ ಹೋಗಿದ್ದರೆ ಸುಡುತ್ತಿತ್ತು ಎಂದ.

ಕಾಕಡ ಒಣಗಿತು. ಮಳೆಗೆ ಇನ್ನೂ ತಿಂಗಳಿತ್ತು. ಬೇರೆಯವರು ತಮ್ಮ ಬೋರಿನಿಂದ ಪೈಪು ಎಳೆದು ನೀರು ಕೊಡುತ್ತೇವೆಂದು ಬಂದರು, ಅವಳು ಬೇಡವೆಂದಳು. ಬಾಡಿದ ಗಿಡದ ಸಾಲಿನಲ್ಲಿ ರಂಗೇಶ್ ಸುಮ್ಮನೆ ಓಡಾಡಿ ಬರುತ್ತಿದ್ದ. ಹೆಂಡತಿಯ ಕೂಡ ಮಾತು ಬಿಟ್ಟಿದ್ದ. ಉಣ್ಣಲು ಇಟ್ಟರೆ ಉಣ್ಣುತ್ತಿದ್ದ, ಕೇಳಿದರೆ ಹೂಂ ಎನ್ನುತ್ತಿರಲಿಲ್ಲ. ಲಕ್ಷ್ಮೀದೇವಿ ಆ ಗಿಡಗಳ ಕಡೆ ನೋಡದೆ ದಾಟಿ ಹೋಗುತ್ತಿದ್ದಳು. ಆದರೂ ಬೆಳಗಾದರೆ ಮಂಕರಿ ಹೊತ್ತು ಕಟ್ಟೆಗೆ ಹೋಗುತ್ತಿದ್ದಳು. ಆಮೇಲೆ ಟಿಸಿ ಒಂದು ಸಲವೂ ತಂಟೆ ಮಾಡಲಿಲ್ಲ.

ಮೊದಲ ಮಳೆ ಬಿದ್ದ ವಾರ ಭವ್ಯ ಮೇಡಂ ಜೊತೆ ದೊಡ್ಡ ಅಧಿಕಾರಿಯೊಬ್ಬರು ಬಂದರು. ಮೀಟರು ನೋಡಿದರು, ಟಿಸಿ ನೋಡಿದರು, ಮೆಚ್ಚಿದರು. ಮಂಕರಿಯನ್ನು ನೋಡಿದಾಗ ಮಾತ್ರ ಹುಬ್ಬು ಗಂಟಾಯಿತು. ಒಬ್ಬರ ಸಂಪರ್ಕ ತಪ್ಪಿಸಲು ಇನ್ನೊಬ್ಬ ಗ್ರಾಹಕರಿಗೆ ಅಧಿಕಾರವಿಲ್ಲ, ಯಾರಾದರೂ ದೂರು ಕೊಟ್ಟರೆ ನಾನೇ ಉತ್ತರ ಹೇಳಬೇಕಾಗುತ್ತದೆ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಈಕೆಯ ಮೇಲೆ ದೂರು ಇರುವವರು ಯಾರಾದರೂ ಇದ್ದೀರಾ, ಹೆದರದೆ ಹೇಳಿ ಎಂದು ಕೇಳಿದರು. ಲಕ್ಷ್ಮೀದೇವಿ ಮಂಕರಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಗುಂಪಿನ ಹಿಂದಿನಿಂದ ರಂಗೇಶ್ ಮುಂದಕ್ಕೆ ಬಂದ. ತಿಂಗಳಿಂದ ಬಾಯಿ ಬಿಡದವನು ಈಗ ಬಿಟ್ಟರೆ ಏನು ಬರುತ್ತದೋ ಎಂದು ಅವಳು ನೆಲ ನೋಡಿದಳು.

"ನಂದು ಐತೆ ಸಾಮಿ ಹೇಳೋದು" ಎಂದ ರಂಗೇಶ್. "ಊರ್ನಾಗೆ ಇವ್ಳು ಫ್ಯೂಸ್ ಕಿತ್ತಿದ್ದು ಒಂದೇ ಮನೇದು, ನಂದು. ನಾನು ಕದ್ದಿದ್ದೆ, ಅದ್ಕೆ ಕಿತ್ಲು. ನನ್ ಹೂವಿನ್ ತೋಟ ಒಣಗೋಯ್ತು. ಕಿತ್ತಿರ್ಲಿಲ್ಲ ಅಂದಿದ್ರೆ ಈ ಟಿಸಿ ಸುಟ್ಟೋಗಿ ನಾನು ರಾತ್ರಿ ಪಾಳಿಗೆ ಹೋಗ್ಬೇಕಿತ್ತು. ಉಳಿದಿರೋ ಒಂದ್ ಕಣ್ಣು ಇವ್ಳು ಉಳ್ಸಿರೋದು. ದೂರು ಬರ್ಕೊಳಂಗಿದ್ರೆ ಇದ್ನೂ ಬರ್ಕೊಳಿ."

ಅಧಿಕಾರಿ ಅವನ ಮುಖವನ್ನೂ ಹೋದ ಕಣ್ಣನ್ನೂ ನೋಡಿ, ಆಮೇಲೆ ಭವ್ಯ ಮೇಡಂ ಕಡೆ ತಿರುಗಿ, ಹುಲಿಕಟ್ಟೆ ಲೈನಿಗೆ ಹಗಲು ಪಾಳಿ ಕಾಯಂ ಎಂದು ಶಿಫಾರಸು ಮಾಡೋಣ ಎಂದರು. ಸರದಿಯನ್ನು ರೈತರೇ ಸಂಘ ಮಾಡಿಕೊಂಡು ಒಪ್ಪಿ ನಡೆಸಿದರೆ ಕಂಪನಿಗೂ ಅಡ್ಡಿಯಿಲ್ಲ ಎಂದರು. ಸಂಘಕ್ಕೆ ಅಧ್ಯಕ್ಷರು ಬೇಕಲ್ಲ ಎಂದಾಗ ರುದ್ರಯ್ಯ ತಮ್ಮ ಹೆಸರು ಹೇಳುತ್ತಾರೇನೋ ಎಂದು ಜನ ಕಾದರು. ಇನ್ಯಾರು, ನಮ್ಮ ನೀರಗಂಟಿಯಮ್ಮನೇ ಎಂದರು ರುದ್ರಯ್ಯ. ಈ ಸಲ ಯಾರೂ ನಗಲಿಲ್ಲ.

ಜೀಪು ಹೋದ ಮೇಲೆ ಲಕ್ಷ್ಮೀದೇವಿ ಮನೆಗೆ ಬಂದು ಒಲೆ ಹಚ್ಚಿದಳು. ರಂಗೇಶ್ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ. ಒಣಗಿದ ಕಾಕಡದ ಬುಡ ಕೆರೆದು ನೋಡಿದೆ, ಕೆಲವು ಬೇರಿನಲ್ಲಿ ಹಸಿ ಇದೆ, ಸವರಿ ನೀರು ಕೊಟ್ಟರೆ ಚಿಗುರಬಹುದು ಎಂದ. ತಿಂಗಳ ಮೇಲೆ ಅವಳ ಕೂಡ ಆಡಿದ ಮೊದಲ ಮಾತು ಅದು. ಮಳೆ ಬಂತಲ್ಲ, ಶಿಕ್ಷೆ ಮುಗಿಯಿತು ಎಂದು ಅವಳು ಮಂಕರಿಯಿಂದ ಮೂರು ತುಂಡುಗಳನ್ನು ಆರಿಸಿ ಅವನ ಕೈಯಲ್ಲಿಟ್ಟಳು. ಹೊರಗೆ ಇನ್ನೂ ಒಳ್ಳೆಯ ಬಿಸಿಲಿತ್ತು. ಅವನು ಹೊಲದ ಕಡೆ ಹೋದ. ಅವಳು ಅವನು ಹೋದ ದಾರಿ ನೋಡುತ್ತ ಬಾಗಿಲಲ್ಲಿ ನಿಲ್ಲಲಿಲ್ಲ. ಮುದ್ದೆಗೆ ಎಸರಿಟ್ಟು ಗೋಡೆಗೆ ಒರಗಿದವಳಿಗೆ, ಗಂಡ ಹೊಲದಲ್ಲಿರುವಾಗಲೇ, ಚೆನ್ನಾಗಿ ನಿದ್ದೆ ಹತ್ತಿತು.